ದೋಣಿಯೊಳಗಿನ ಕಾಯಿ

"ಕೆರೆಗಿಳಿತೀಯಾ, ಇಳಿ. ಆ ದೋಣೀಲಿರೋ ಕಾಯಿ ಮಾತ್ರ ಮುಟ್ಟಬ್ಯಾಡ ಕಣಪ್ಪ. ಮುಟ್ಟಿದ್ರೂ ಕಿವಿ ತಾವ ಹಿಡ್ದು ಅಲ್ಲಾಡಿಸಬ್ಯಾಡ," ಎಂದಳು ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಮುದುಕಿ ಹುಚ್ಚಕ್ಕ.

ಮಹಾಂತೇಶ್ ನಕ್ಕ. ನಗದೆ ಏನು ಮಾಡಿಯಾನು? ಮುರುಡೇಶ್ವರದ ಕಡಲಲ್ಲಿ ಸ್ಕೂಬಾ ಕಲಿತು, ಕಂಡಕಂಡವರಿಗೆಲ್ಲ ಮೊಬೈಲಿನಲ್ಲಿ ಮೀನು ತೋರಿಸಿ ಬೀಗುತ್ತಿದ್ದವನು, ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ. ಹಂದನಕೆರೆ ದಾರಿಯ ಈ ಕೆರೆ ತುಂಬಿದ್ದೇ ತಡ, ಉಸಿರಿನ ಗಾಳಿ ತುಂಬಿದ ಸಿಲಿಂಡರ್ ಹೊತ್ತು ಬಂದಿದ್ದ. ಜೊತೆಗೆ ತಂಗಿ ವರ್ಷಿಣಿ. ಅವಳಿಗೆ ಈ ವಿದ್ಯೆ ಹೊಸದು. ಒಲ್ಲೆ ಎಂದವಳನ್ನು ಪುಕ್ಕಲಿ ಎಂದು ರೇಗಿಸಿ ರೇಗಿಸಿ ಒಪ್ಪಿಸಿದ್ದ. ಹೊರಡುವಾಗ ತಾಯಿ ಗುರುಸಿದ್ದಮ್ಮ ಇಬ್ಬರ ಹಣೆಗೂ ವಿಭೂತಿ ಹಚ್ಚಿ, "ನೀರೊಳ್ಗೆ ಅವ್ಳ ಕೈ ಬುಡಬ್ಯಾಡ ಕಣಪ್ಪ" ಎಂದಿದ್ದಳು. ಇಲ್ಲವೆಂದು ಆಣೆ ಮಾಡಿದ್ದ.

ದೋಣಿಯ ಕತೆಯನ್ನೂ ಹುಚ್ಚಕ್ಕನೇ ಹೇಳಿದಳು. ಹಿಂದೆ ಆಚೆ ದಡದ ತೋಟಗಳಿಗೆ ಜನರನ್ನು ದಾಟಿಸುತ್ತಿದ್ದ ಕಬ್ಬಿಣದ ದೋಣಿ ಅದು. ಒಮ್ಮೆ ವಾಲಿದಾಗ ಚಿಕ್ಕಗೌರಮ್ಮ ಎಂಬುವಳು ನೀರಿಗೆ ಬಿದ್ದಳು. ಹಿಡಿದುಕೊಂಡಿದ್ದ ಗಂಡ ಹೆದರಿ ಕೈ ಬಿಟ್ಟ. ದಡಕ್ಕೆ ಬಂದು, ಅವಳೇ ಜಾರಿದಳು ಎಂದುಬಿಟ್ಟ. ಅಲ್ಲಿಂದಾಚೆ ದೋಣಿ ಹತ್ತಿದವರು ಒಬ್ಬೊಬ್ಬರಾಗಿ ಕೆರೆಪಾಲಾದರು. ಕೊನೆಗೆ ಮಂತ್ರವಾದಿಯೊಬ್ಬ ಅವಳನ್ನು ಒಂದು ತೆಂಗಿನಕಾಯಿಯಲ್ಲಿ ದಿಗ್ಬಂಧಿಸಿ ದೋಣಿಗೆ ಬಿಗಿದ. ಊರವರು ಕಲ್ಲು ತುಂಬಿ ಕೈಯಾರೆ ದೋಣಿ ಮುಳುಗಿಸಿದರು.

"ಸುಳ್ಳು ಅಂದ್ರೆ ಅವ್ಳಿಗೆ ಆಗಕಿಲ್ಲ," ಎಂದಳು ಹುಚ್ಚಕ್ಕ.

"ನಂಗೂ ಆಗಲ್ಲ ಕಣಜ್ಜಿ," ಎಂದು ಕಣ್ಣು ಮಿಟುಕಿಸಿದ.

ತಂಗಿಯ ಕೈ ಹಿಡಿದು ಇಳಿದ. ತುಸು ಆಳಕ್ಕೇ ಬೆಳಕು ಹಳದಿಯಾಗಿ, ಕಂದಾಗಿ, ಸತ್ತೇಹೋಯಿತು. ಕಿವಿಯಲ್ಲಿ ತನ್ನದೇ ಉಸಿರಿನ ಬುಳುಬುಳು ಬಿಟ್ಟರೆ ಬೇರೆ ಸದ್ದಿಲ್ಲ. ಟಾರ್ಚಿನ ಬೆಳಕಿಗೆ ತುಕ್ಕು ಹಿಡಿದ ದೋಣಿ ಮೈದೋರಿತು. ಒಳಗೆ ಸಾಲು ಹಲಗೆಗಳು, ಕಲ್ಲುಗಳು. ನಡುವೆ ಸರಪಳಿ ಸುತ್ತಿದ ಕಾಯಿ. ಆಗಲೇ ಸಿಲಿಂಡರಿನ ಗಾಳಿಯಲ್ಲಿ ಕಮಟು ಕೊಬ್ಬರಿಯ ವಾಸನೆ ಬಂದಂತಾಯಿತು.

ತಿಪಟೂರು ಸೀಮೆಯವರ ಕೈಗೆ ಕಾಯಿ ಸಿಕ್ಕರೆ ಕಿವಿಗೆ ಹಿಡಿದು ಅಲ್ಲಾಡಿಸದೆ ಬಿಟ್ಟಾರೆಯೇ? ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದ ಕಾಯಿಯೊಳಗೆ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಆಯಿತು, ಒಡೆಯಬಹುದು. ತೊಟ್ಟಿಲಿನಿಂದ ಬಂದ ಚಾಳಿ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ತಂಗಿ. ಮಹಾಂತೇಶ್ ತಂಗಿಯ ಕೈ ಬಿಟ್ಟ. ಸರಪಳಿ ಜಾರಿಸಿದ. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ.

ಒಳಗೆ ಯಾರೋ ಬಾಗಿಲು ಬಡಿದರು.

ಕಾಯಿ ಕೈಜಾರಿತು. ಕೆಸರೆದ್ದಿತು. ತಿರುಗಿದ. ತಂಗಿ ಇಲ್ಲ. ಟಾರ್ಚ್ ಹೊರಳಿಸಿದ. ಇಲ್ಲ. ದೋಣಿಯೊಳಗೆ ಹಿಡಿದ. ಇದ್ದಳು. ಹಲಗೆಯ ಮೇಲೆ ಕೂತಿದ್ದಳು, ದಾಟಲು ಕಾದವಳ ಹಾಗೆ. ಬಾಯಲ್ಲಿ ಗಾಳಿಕೊಳವೆ ಇಲ್ಲ. ಕಣ್ಣು ತೆರೆದಿತ್ತು. ಅವಳ ಕೈಯನ್ನು ಇನ್ನೊಂದು ಕೈ ಹಿಡಿದಿತ್ತು. ಆ ಕೈಯಲ್ಲಿ ಬಳೆಗಳಿದ್ದವು. ಎಳೆದ. ಬರಲಿಲ್ಲ. ಮತ್ತೆ ಎಳೆದ. ಬಳೆಯ ಕೈ ಮೆಲ್ಲಗೆ ಸಡಿಲಾಯಿತು. ಬೇಕೆಂದೇ ಬಿಟ್ಟುಕೊಟ್ಟ ಹಾಗೆ.

ದಡದಲ್ಲಿ ವರ್ಷಿಣಿ ನೀರು ಕಾರಿದಳು. ಉಸಿರಾಡಿದಳು. ಮಾತು ಮಾತ್ರ ಹೋಗಿತ್ತು.

"ಕೈ ಬುಟ್ಯಾ?" ಎಂದಳು ಹುಚ್ಚಕ್ಕ.

ಅವನು ತಲೆ ತಗ್ಗಿಸಿದ.

"ಹಂಗಾರೆ ನಿಮ್ಮವ್ವನ ಮುಂದೆ ಒಪ್ಕಂಬುಡು. ಈ ಹುಡ್ಗಿ ಮೈಯೊಳ್ಗೆ ನೀರು ಆರೋದ್ರೊಳಗೆ ಒಪ್ಕ. ಆರಿ ಸದ್ದು ಬಂತು ಅಂದ್ರೆ ಆಮ್ಯಾಕೆ ಯಾರ ಕೈಲೂ ಆಗಕಿಲ್ಲ."

ಮನೆಯಲ್ಲಿ ವರ್ಷಿಣಿ ದಿನದಿನಕ್ಕೂ ಒಣಗಿದಳು. ಬಿಂದಿಗೆಗಟ್ಟಲೆ ಕುಡಿದರೂ ತುಟಿ ಬಿರಿಯುತ್ತಿತ್ತು. ಡಾಕ್ಟರು ಗ್ಲೂಕೋಸ್ ಏರಿಸಿ ಕೈಚೆಲ್ಲಿದರು. ಗುರುಸಿದ್ದಮ್ಮ ಮಾತ್ರ, "ನೀನು ಕೈ ಹಿಡ್ದಿದ್ದಕ್ಕೆ ಮಗು ಉಳ್ಕಂತು ಕಣಪ್ಪ" ಎಂದು ಮಗನ ತಲೆ ಸವರುತ್ತಿದ್ದಳು. ಆ ಕೈ ಸುಡುತ್ತಿತ್ತು. ಹೇಳಿಬಿಡಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋಗುತ್ತಿದ್ದ. ಅವ್ವ ನಕ್ಕರೆ ಒಂದು ಲೋಟ ನೀರು ಕೇಳಿ ಹಿಂದಿರುಗುತ್ತಿದ್ದ. ತಂಗಿಯ ಜೀವಕ್ಕಿಂತ ತನ್ನ ಮಾನವೇ ಹೆಚ್ಚಾಯಿತು ಮಹರಾಯನಿಗೆ. ಅದು ಅವನಿಗೂ ಗೊತ್ತಿತ್ತು, ರಾತ್ರಿಯೆಲ್ಲ ನಾಚಿ ಸಾಯುತ್ತಿದ್ದ.

ಒಂದು ಬೆಳಿಗ್ಗೆ ಗುರುಸಿದ್ದಮ್ಮ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು, ಅಣ್ಣನನ್ನು ಕಂಡು ಅವಳು ಮುದುಡಿದ್ದಕ್ಕೆ ಕೈ ನಿಲ್ಲಿಸಿದಳು.

"ಮಾಂತೇಶ, ನಿಜ ಹೇಳು. ಕೆರೇಲಿ ಇವ್ಳ ಕೈ ಬುಟ್ಟಿದ್ಯಾ?"

ಕಮಟು ವಾಸನೆ ಮೂಗಿಗೆ ಬಡಿಯಿತು. ಬಾಯಿ ತೆರೆದ. ಬಿಟ್ಟೆ ಅವ್ವ ಎನ್ನಬೇಕು. ಅಷ್ಟೇ ಮಾತು.

"ಇಲ್ಲ ಕಣವ್ವ. ಅವ್ಳೇ ಜಾರಿದ್ಲು."

ವರ್ಷಿಣಿ ಅಣ್ಣನನ್ನೇ ನೋಡಿದಳು. ಆಮೇಲೆ, ಸುಳ್ಳು ಎನ್ನುವ ಹಾಗೆ, ಮೆಲ್ಲಗೆ ತಲೆಯನ್ನು ಅತ್ತ ಇತ್ತ ಅಲ್ಲಾಡಿಸಿದಳು.

ತಲೆಯೊಳಗೆ ಲೊಡಲೊಡ ಎಂದಿತು.