ಏಳನೇ ತಟ್ಟೆಯ ಹುಡುಗಿ

"ಖುನ್ ಪೈಲಿನ್, ಇಷ್ಟು ಜಿಪುಣತನ ಒಳ್ಳೇದಲ್ಲ. ಕೇಳ್ತಿರೋದು ಕಿಡ್ನಿ ಅಲ್ಲ, ಎರಡು ಚಮಚ ರಕ್ತ."

ಸಿಲಾ ನನ್ನೊಂದಿಗೆ ಆಡಿದ ಮೊದಲ ಮಾತೇ ಇದು. ಖುನ್ ಎಂದರೆ ನಮ್ಮ ಥಾಯ್ ಮಾತಿನಲ್ಲಿ ಮರ್ಯಾದೆಯ ಸಂಬೋಧನೆ; ಮಿಕ್ಕ ಮಾತಿನಲ್ಲಿ ಮರ್ಯಾದೆ ಇರಲಿಲ್ಲ. ನಮ್ಮದು ರಕ್ತ ಹೆಪ್ಪುಗಟ್ಟದ ಕಾಯಿಲೆಗಳ ಲ್ಯಾಬು. ರೋಗಿಯ ರಕ್ತದ ಜೊತೆಗಿಟ್ಟು ಹೋಲಿಸಲು ಪ್ರತಿಸಲವೂ ಆರೋಗ್ಯವಂತರೊಬ್ಬರ ತಾಜಾ ರಕ್ತ ಬೇಕು. ಅದನ್ನು ಲ್ಯಾಬಿನವರೇ ಸರದಿಯಂತೆ ಕೊಡುವುದು ಪದ್ಧತಿ. ನನ್ನ ಸರದಿ ಬಂದಾಗಲೆಲ್ಲ ನನಗೆ ನೆಗಡಿ, ಇಲ್ಲವೇ ತಲೆಸುತ್ತು. ಹೊಸದಾಗಿ ಸೇರಿದ್ದ ಸಿಲಾ ಅಂದು ನನ್ನ ಬದಲಿಗೆ ತೋಳು ಚಾಚಿ ಕೂತು, ಮಾಸ್ಕಿನ ಮೇಲಿಂದ ಕಣ್ಣಲ್ಲೇ ನಕ್ಕ.

"ಸೂಜಿ ಅಂದ್ರೆ ಭಯಾನಾ?"

"ಹೂಂ."

"ದಿನಾ ಸೂಜಿ ಹಿಡಿಯೋರಿಗೆ?"

"ಹಿಡಿಯೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ."

ಸುಳ್ಳು. ಸೂಜಿಗೆ ನಾನು ಹೆದರಿದವಳೇ ಅಲ್ಲ. ರಕ್ತ ನಿಲ್ಲಬೇಕೆಂದರೆ ಅದರಲ್ಲಿರುವ ಪ್ಲೇಟ್‌ಲೆಟ್‌ಗಳು ಒಂದರ ಕೈ ಇನ್ನೊಂದು ಹಿಡಿದು ಗಾಯಕ್ಕೆ ಅಡ್ಡ ನಿಲ್ಲಬೇಕು. ನನ್ನ ಪ್ಲೇಟ್‌ಲೆಟ್‌ಗಳಿಗೆ ಆ ಕೈಗಳೇ ಇಲ್ಲ. ಗ್ಲಾನ್ಸ್‌ಮನ್ ಎಂದು ಆ ಕಾಯಿಲೆಯ ಹೆಸರು, ಹುಟ್ಟಿನಿಂದ ಬಂದದ್ದು. ಅಮ್ಮ ನನಗೆ ಚಾಕು ಮುಟ್ಟಗೊಡಲಿಲ್ಲ, ಸೈಕಲ್ ಹತ್ತಗೊಡಲಿಲ್ಲ. ಕಾಲೇಜಿನಲ್ಲಿ ನನ್ನನ್ನು ಮೆಚ್ಚಿದ ಹುಡುಗನೊಬ್ಬನಿಗೆ ನಿಜ ಹೇಳಿದೆ. ಮರುವಾರ ಅವನ ತಾಯಿ ಹಣ್ಣಿನ ಬುಟ್ಟಿ ಹಿಡಿದು ಬಂದು, ಬಹಳ ಮರ್ಯಾದೆಯಿಂದ, ಸಂಬಂಧ ಬೇಡವೆಂದು ಹೋದರು. "ಇನ್ಮೇಲೆ ಯಾರಿಗೂ ಹೇಳ್ಬೇಡ," ಎಂದಳು ಅಮ್ಮ, ಆ ಬುಟ್ಟಿಯ ಮಾವಿನಹಣ್ಣು ಹೆಚ್ಚುತ್ತಾ. ಹೇಳಲಿಲ್ಲ. ಹೇಳದೆ ಹೇಳದೆ ಬಾಯಿಯೇ ಕಟ್ಟಿಹೋಯಿತು.

ಇನ್ನೊಂದು ಸಂಕಟ ಇನ್‌ಕ್ಯುಬೇಟರಿನಲ್ಲಿತ್ತು. ಇಂಥ ರೋಗಿಗಳ ಮೂಳೆಮಜ್ಜೆಯಿಂದ ಕಾಂಡಕೋಶಗಳನ್ನು, ಅಂದರೆ ರಕ್ತವನ್ನೆಲ್ಲ ಹುಟ್ಟಿಸುವ ಮೂಲ ಕೋಶಗಳನ್ನು ತೆಗೆದು, ತಟ್ಟೆಯಲ್ಲಿ ಬೆಳೆಸಿ, ಅವುಗಳೊಳಗಿನ ತಪ್ಪು ತಿದ್ದುವುದು ನಮ್ಮ ಸಂಶೋಧನೆ. ತಟ್ಟೆಗಳ ಮೇಲೆ ಹೆಸರಿಲ್ಲ, ಬರೀ ಅಂಕಿ. ಏಳನೆಯದರ ತಪ್ಪು ಎಲ್ಲಿದೆಯೆಂಬ ವರದಿಯನ್ನು ಒಂದು ದಿನ ಮೂರು ಸಲ ಓದಿದೆ. ಅದು ನನಗೆ ಬಾಯಿಪಾಠವಾಗಿದ್ದ ತಪ್ಪು. ಯಾವತ್ತೋ ಬ್ಯಾಂಕಾಕಿನ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ನಾನು ಕೊಟ್ಟಿದ್ದ ಮಜ್ಜೆ ಸುತ್ತಿ ಬಳಸಿ ನನ್ನ ಮೇಜಿಗೇ ಬಂದಿತ್ತು. ನಮ್ಮ ಕೋಶಗಳ ಮೇಲೆ ನಾವೇ ಪ್ರಯೋಗ ಮಾಡುವಂತಿಲ್ಲ. ಹೇಳಿದರೆ ಕೆಲಸ ಕೈತಪ್ಪುತ್ತದೆ, ಗುಟ್ಟೂ ಬಯಲಾಗುತ್ತದೆ. ಹೇಳದಿದ್ದರೆ ದಿನವೂ ಕಳ್ಳಿಯ ಬಾಳು.

ಸಾಲದ್ದಕ್ಕೆ ಸಿಲಾ ಆ ಏಳನೇ ತಟ್ಟೆಯನ್ನೇ ಮೆಚ್ಚಿಕೊಂಡ.

"ಚೆನ್ನಾಗಿ ನಿದ್ದೆ ಬಂತಾ, ಚಿನ್ನ?" ಎಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೇಳುತ್ತಿದ್ದ. "ನೋಡಿ ಖುನ್ ಪೈಲಿನ್, ಎಷ್ಟು ಹಟಮಾರಿ! ಏನು ಮಾಡಿದ್ರೂ ಬಗ್ಗಲ್ಲ. ಆದ್ರೆ ಎಷ್ಟು ಲಕ್ಷಣವಾಗಿದಾಳೆ."

"ಅದು ಕೋಶ. ಹುಡುಗಿ ಅಲ್ಲ."

"ನಿಮಗೆ ಹೊಟ್ಟೆಕಿಚ್ಚು." ಮತ್ತೆ ತಟ್ಟೆಯ ಕಡೆ ತಿರುಗಿದ. "ಮನೇಲಿ ಅಮ್ಮ ಹುಡುಗಿ ನೋಡ್ತಿದಾಳೆ ಕಣೇ. ನೀನು ಬೇಗ ವಾಸಿಯಾಗು, ನಿನ್ನೇ ಕರ್ಕೊಂಡು ಹೋಗ್ತೀನಿ."

ಮಾಸ್ಕ್ ಇದ್ದದ್ದು ಪುಣ್ಯ. ನಾನು ಬೆನ್ನು ತಿರುಗಿಸಿ, ತೊಳೆದಿಟ್ಟ ಗಾಜಿನ ಕೊಳವೆಗಳನ್ನೇ ಮತ್ತೆ ತೊಳೆದೆ. ನನ್ನನ್ನು ಎಷ್ಟು ಮುದ್ದಿಸುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ನನಗೆ ಅವನು ಬೇಕಾಗಿದ್ದ. ಬೇಕು ಎನ್ನಲು ಮೊದಲು ನಾನು ಯಾರೆಂದು ಹೇಳಬೇಕಿತ್ತು.

ವರ್ಷ ಕಳೆಯಿತು. ನಮ್ಮ ಹೊಸವರ್ಷದ ಹಬ್ಬ ಸೊಂಕ್ರಾನ್ ಬಂತು; ಅದರ ನೀರೆರಚಾಟಕ್ಕೆ ನಮ್ಮ ಚಿಯಾಂಗ್ ಮಾಯ್ ನಗರ ಇಡೀ ಬೀದಿಗಿಳಿಯಿತು. ಹಬ್ಬವಿರಲಿ ಏನೇ ಇರಲಿ, ಕೋಶಗಳ ಆಹಾರ ಬದಲಿಸಲೇಬೇಕು. ಆ ಪಾಳಿಯನ್ನು ಪ್ರತಿವರ್ಷ ನಾನೇ ಕೇಳಿ ಪಡೆಯುತ್ತಿದ್ದೆ. ಪಾಪ, ತ್ಯಾಗಮಯಿ ಎಂದುಕೊಳ್ಳುತ್ತಿದ್ದರು ಎಲ್ಲರೂ. ಒದ್ದೆ ರಸ್ತೆಯಲ್ಲಿ ಒಂದು ಸಲ ಜಾರಿಬಿದ್ದರೆ ನನಗೆ ವಾರಗಟ್ಟಲೆ ಆಸ್ಪತ್ರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಐದನೇ ಮಹಡಿಯ ಕಿಟಕಿಗೆ ಹಣೆ ಒತ್ತಿ ಕೆಳಗಿನ ಕುಣಿತ ನೋಡುತ್ತಿದ್ದೆ. ನಮ್ಮ ಲ್ಯಾಬಿನ ಕಿಟಕಿಗಳನ್ನು ತೆರೆಯಲು ಬರುವುದಿಲ್ಲ.

ಈ ಸಲ ಸಿಲಾನೂ ಪಾಳಿಗೆ ಬಂದಿದ್ದ. ಹಲ್ಲುನೋವು, ನೀರಾಟ ಬೇಡ ಎಂದ. ಕೆನ್ನೆ ಊದಿದ್ದೇನೋ ನಿಜ. ಆದರೆ ಹಲ್ಲುನೋವಿನವನು ಮಾವಿನಹಣ್ಣು ಹಾಕಿದ ಸಿಹಿ ಅಂಟನ್ನವನ್ನು ಎರಡು ಪೊಟ್ಟಣ ಯಾಕೆ ತರುತ್ತಾನೆ?

ಪೊಟ್ಟಣ ಬಿಚ್ಚುವ ಮೊದಲೇ ಮಕ್ಕಳ ವಾರ್ಡಿನಿಂದ ಡಾಕ್ಟರ್ ವಿಪಾ ಫೋನ್ ಮಾಡಿದರು.

"ಎಂಟು ತಿಂಗಳ ಹೆಣ್ಣುಮಗು. ಹಲ್ಲು ಮೂಡಿದ ಜಾಗದಿಂದ ನಿನ್ನೆಯಿಂದ ರಕ್ತ ನಿಲ್ತಿಲ್ಲ. ಗ್ಲಾನ್ಸ್‌ಮನ್ ಇರಬಹುದಾ ಅಂತ ನೋಡಿ ಹೇಳಿ. ಗೊತ್ತಾಗದೆ ಬೇರೆಯವರ ಪ್ಲೇಟ್‌ಲೆಟ್ ಕೊಟ್ಟು, ಮೈ ಅದರ ಮೇಲೆ ತಿರುಗಿಬಿದ್ರೆ ಮುಂದೆ ಯಾವತ್ತೂ ಕೊಡೋಕಾಗಲ್ಲ. ಕಾಯ್ತಿರ್ತೀನಿ."

ಮಗುವಿನ ರಕ್ತ ಬಂತು. ಸಿಲಾ ಅಭ್ಯಾಸಬಲದಿಂದ ತೋಳು ಮಡಿಸಿದವನು ಹಾಗೇ ನಿಂತುಬಿಟ್ಟ.

"ಅಯ್ಯೋ. ನಾನು ಬೆಳಗ್ಗೆ ನೋವಿನ ಮಾತ್ರೆ ನುಂಗಿದೀನಿ."

ನೋವಿನ ಮಾತ್ರೆ ಪ್ಲೇಟ್‌ಲೆಟ್‌ಗಳನ್ನೂ ಮಲಗಿಸಿಬಿಡುತ್ತದೆ. ನಮ್ಮ ಲ್ಯಾಬಿನಲ್ಲಿ ಇದು ನೆಲ ಒರೆಸುವವರಿಗೂ ಗೊತ್ತು. ಬೇರೆಯವರನ್ನು ಕರೆಸೋಣವೆಂದರೆ ಒಬ್ಬರೂ ಫೋನ್ ಎತ್ತಲಿಲ್ಲ. ಎತ್ತಿದ್ದರೂ ಆ ಜಾತ್ರೆಯಂಥ ರಸ್ತೆಗಳಲ್ಲಿ ಬಂದು ಮುಟ್ಟುತ್ತಿರಲಿಲ್ಲ. ಸಿಲಾ ನನ್ನ ಕಡೆ ನೋಡಿದ. ನಾನು ಬಾಗಿಲ ಕಡೆ ನೋಡಿದೆ.

"ಖುನ್ ಪೈಲಿನ್, ಇವತ್ತು ನೆಪ ಬೇಡ. ಮಗು ಅದು." ಅವನ ದನಿಯಲ್ಲಿ ತಮಾಷೆ ಇಲ್ಲದ್ದನ್ನು ಅಂದೇ ಮೊದಲು ಕೇಳಿದ್ದು.

"ನಂದು ಆಗಲ್ಲ."

"ಯಾಕೆ ಆಗಲ್ಲ?"

ಕೆಳಗೆ ಡೋಲು ಬಾರಿಸುತ್ತಿದ್ದರು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಆದರೆ ಮಗುವಿನ ರಕ್ತವಿದ್ದ, ಬೆರಳಷ್ಟು ಗಾತ್ರದ ಆ ಕೊಳವೆ ನನ್ನ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.

"ನಂಗೂ ಅದೇ ಕಾಯಿಲೆ, ಸಿಲಾ."

ಅವನು ಏನಾದರೂ ಹೇಳಿಬಿಟ್ಟರೆ ಎಂದು ಹೆದರಿ ನಾನೇ ಬಡಬಡನೆ ಮಾತಾಡಿದೆ. "ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳೋದನ್ನ ನೋಡೋ ಆ ದೊಡ್ಡ ಯಂತ್ರ ಬಿಡು. ಪ್ಲೇಟ್‌ಲೆಟ್ಟಿಗೆ ಕೈ ಇದೆಯೋ ಇಲ್ವೋ ಅಂತ ಬೆಳಕು ಹಾಯ್ಸಿ ನೋಡೋ ಯಂತ್ರ ಇದೆಯಲ್ಲ? ನಿನ್ನವು ಮಾತ್ರೆ ತಿಂದು ಮಲಗಿರಬಹುದು, ಕೈಯಂತೂ ಇವೆ. ನನ್ನವಕ್ಕೆ ಇಲ್ಲವೇ ಇಲ್ಲ. ನಿಂದು ಒಂದು ಕಡೆ ಇಡೋಣ, ನಂದು ಒಂದು ಕಡೆ. ಮಗು ಯಾರ ಕಡೆ ಬರುತ್ತೋ ನೋಡೋಣ."

"ಚುಚ್ಚಿದ ಮೇಲೆ ನಿಮಗೆ ರಕ್ತ ನಿಲ್ಲುತ್ತಾ?"

"ಗಟ್ಟಿಯಾಗಿ ಒತ್ತಿ ಹಿಡಿದ್ರೆ ನಿಲ್ಲುತ್ತೆ. ತುಂಬಾ ಹೊತ್ತು ಹಿಡೀಬೇಕು."

ಮೊದಲು ನಾನು ಸಿಲಾನ ರಕ್ತ ತೆಗೆದೆ, ಆಮೇಲೆ ಅವನು ನನ್ನದು. ಹತ್ತಿಯಿಟ್ಟು ಹೆಬ್ಬೆರಳಿನಿಂದ ಒತ್ತಿದ. ರಕ್ತವನ್ನು ಪರೀಕ್ಷೆಗೆ ಮೊದಲು ಅರ್ಧಗಂಟೆ ಅಲುಗಿಸದೆ ಇಡುವುದು ಕ್ರಮ. ಅಷ್ಟು ಹೊತ್ತೂ ನಾವು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಅವನ ರೆಪ್ಪೆಗಳು ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.

"ನಾನು ನಿಮ್ಮನ್ನ ಜಿಪುಣಿ ಅಂದಿದ್ದೆ."

"ವಾರಕ್ಕೊಂದು ಸಲ."

"ಕಪಾಳಕ್ಕೆ ಹೊಡೀಬೇಕಿತ್ತು ನೀವು."

"ಹಲ್ಲುನೋವು ವಾಸಿಯಾಗ್ಲಿ." ಉಸಿರೆಳೆದುಕೊಂಡೆ. ಅರ್ಧ ಹೇಳಿ ಅರ್ಧ ಉಳಿಸಿಕೊಳ್ಳುವುದು ಸಾಕಾಗಿತ್ತು. "ಇನ್ನೊಂದಿದೆ. ಏಳನೇ ತಟ್ಟೆ ಇದೆಯಲ್ಲ, ಅದು ನಾನು."

ಅವನ ಕೈ ಹಾರಿತು.

"ಬೆರಳು ತೆಗೀಬೇಡ!"

ಮತ್ತೆ ಒತ್ತಿದ. ಒಂದು ವರ್ಷದಲ್ಲಿ ಆ ತಟ್ಟೆಗೆ ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿರುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಕಿವಿ ಕೆಂಪಾಯಿತು, ಆಮೇಲೆ ಕತ್ತು.

"ಲಕ್ಷಣವಾಗಿದಾಳೆ ಅಂದಿದ್ದು..."

"ಕೇಳಿಸ್ತು."

"ಕರ್ಕೊಂಡು ಹೋಗ್ತೀನಿ ಅಂದಿದ್ದು?"

"ಅದೂ ಕೇಳಿಸ್ತು." ನಾನು ನೆಲ ನೋಡಿದೆ. "ಅದು ವಾಸಿಯಾಗುತ್ತೋ ಇಲ್ವೋ ಗೊತ್ತಿಲ್ಲ, ಸಿಲಾ. ಹಿಂದೆ ಒಬ್ಬ ಇದನ್ನ ಕೇಳಿ ಹೊರಟುಹೋದ. ನೀನೂ ಹೋಗಬಹುದು, ನಾನೇನೂ ಅಂದ್ಕೊಳ್ಳಲ್ಲ."

"ಹೇಗೆ ಹೋಗ್ಲಿ? ಬೆರಳು ತೆಗೀಬೇಡ ಅಂದಿದೀರಲ್ಲ."

ಅಳು ಬಂತು, ನಗುವೂ ಬಂತು. ರಕ್ತ ನಿಂತ ಮೇಲೂ ಸಾಕು ಎನ್ನಲು ನನಗೆ ಮನಸ್ಸಾಗಲಿಲ್ಲ.

ಯಂತ್ರದ ಪರದೆಯಲ್ಲಿ, ಕೈಗಳಿರುವವರ ಬಲಬದಿಗೆ ಸಿಲಾನ ರೇಖೆ ಗುಡ್ಡದಂತೆ ಎದ್ದಿತು, ಕೈಗಳಿಲ್ಲದವರ ಎಡಬದಿಗೆ ನನ್ನದು. ಮಗುವಿನದು ನನ್ನದರ ಮೇಲೇ ಬಂದು ಕೂತಿತು. ಇನ್ನೊಮ್ಮೆ ಮಾಡಿ ನೋಡಿದೆವು. ಅಲ್ಲೇ.

ಸುದ್ದಿಯನ್ನು ನಾವೇ ವಾರ್ಡಿಗೆ ಒಯ್ದೆವು. ಡಾಕ್ಟರ್ ವಿಪಾ ಸರಿಯಾದ ಔಷಧಿ ಕೊಡಲು ಶುರುಮಾಡಿದರು. ಮಗುವಿನ ತಾಯಿ ಇನ್ನೂ ಹಬ್ಬದ ಹೂವಿನ ಅಂಗಿಯಲ್ಲೇ ಇದ್ದಳು. ಹೆಗಲ ಮೇಲೆ ರಕ್ತದ ಕಲೆ.

"ಹಾಗಾದ್ರೆ ಇವಳನ್ನ ಇನ್ಮೇಲೆ ಮನೆಯಿಂದ ಹೊರಗೇ ಬಿಡಬಾರದಾ?" ಎಂದು ಕೇಳಿದಳು.

ನನ್ನ ಅಮ್ಮನೇ ಕೇಳಿದಂತಾಯಿತು. ಸುತ್ತ ಡಾಕ್ಟರು, ನರ್ಸುಗಳು. ಇಲ್ಲಿ ಆಡಿದ ಮಾತು ನಾಳೆ ಇಡೀ ಲ್ಯಾಬಿಗೆ ಗೊತ್ತಾಗುತ್ತದೆ. ಏಳನೇ ತಟ್ಟೆಯನ್ನು ನಾನು ಮತ್ತೆ ಮುಟ್ಟುವಂತಿಲ್ಲ.

"ಬಿಡಿ," ಎಂದೆ. "ಹುಷಾರಾಗಿ ಬಿಡಿ, ಆದ್ರೆ ಬಿಡಿ. ನಂಗೂ ಇದೇ ಕಾಯಿಲೆ. ನೋಡಿ, ನಿಂತಿದೀನಲ್ಲ ನಿಮ್ಮ ಮುಂದೆ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು ಕೇಳಿದಳು, "ಮದುವೆ ಆಗಿದೆಯಾ?"

"ಇಲ್ಲ."

"ಆಗುತ್ತೆ," ಎಂದ ಸಿಲಾ ನನ್ನ ಹಿಂದಿನಿಂದ.

ನರ್ಸುಗಳ ಮೇಜಿನ ಮೇಲೆ, ಪುಟ್ಟ ಬುದ್ಧನ ಮುಂದೆ, ಮಲ್ಲಿಗೆ ತೇಲಿಸಿದ ನೀರಿನ ಬೋಗುಣಿ ಇತ್ತು. ಹೊರಡುವಾಗ ಸಿಲಾ ಒಂದು ಬೊಗಸೆ ತೆಗೆದು, ಹಿಂದಿನವರು ಮಾಡುತ್ತಿದ್ದಂತೆ ಮೆಲ್ಲಗೆ, ನನ್ನ ಹೆಗಲ ಮೇಲೆ ಬಿಟ್ಟ. ಇನ್ನೊಂದು ಕೈ ನನ್ನ ಮೊಣಕೈ ಹಿಡಿದಿತ್ತು.

"ಏಳನೇ ತಟ್ಟೆ ಇನ್ನು ನಿಂದೇ," ಎಂದೆ. "ಚೆನ್ನಾಗಿ ನೋಡ್ಕೋ."

"ಇಬ್ಬರನ್ನೂ ನೋಡ್ಕೋತೀನಿ. ನೀನು ಜಾರಬೇಡ, ಅಷ್ಟೇ."

ನೀನು ಎಂದಿದ್ದ. ನೀರು ಬೆನ್ನಿಗಿಳಿಯಿತು, ತಣ್ಣಗೆ. ಚಿಕ್ಕಂದಿನಿಂದ ನನ್ನ ಮೈಮೇಲೆ ಬಿದ್ದ ಮೊದಲ ಸೊಂಕ್ರಾನಿನ ನೀರು ಅದು.

ಮನೆಗೆ ಬರುವ ಹೊತ್ತಿಗೆ ತೋಳಿನಲ್ಲಿ ಅವನ ಹೆಬ್ಬೆರಳಿನಗಲ ನೀಲಿಗಟ್ಟಿತ್ತು. ಅಮ್ಮ ನೋಡಿದವಳೇ ಗಾಬರಿಯಾದಳು.

"ಯಾರು ಹೀಗೆ ಮಾಡಿದ್ದು?"

"ನಾಳೆ ಊಟಕ್ಕೆ ಕರೆದಿದೀನಿ," ಎಂದೆ. "ನೀನೇ ಕೇಳು."