ಗಿಟಾರಿನ ಮೇಲಿನ ವಿಭೂತಿ

"ಮುಟ್ಟಬ್ಯಾಡ್ರಿ!"

ಸ್ಫೂರ್ತಿಯ ಕೈಯಲ್ಲಿದ್ದ ಕಸಬರಿಗೆ ಅಲ್ಲೇ ಬಿತ್ತು.

ಮಲಪನಗುಡಿಯ ಅವಳದೇ ಮನೆ, ಅವಳದೇ ಮಹಡಿ ಕೋಣೆ. ನಿನ್ನೆಯಷ್ಟೇ ಬಾಡಿಗೆಗೆ ಬಂದವನು ಹೀಗೆ ಗದರೋದಾ!

"ಕಸ ಹೊಡಿಯಾಕ ಬಂದೀನ್ರಿ, ಕದಿಯಾಕಲ್ಲ!"

"ತಪ್ಪಾತ್ರಿ... ಇವು ಸ್ಪೇನ್ ದೇಶದ ಫ್ಲಮೆಂಕೊ ಗಿಟಾರ್. ಒಂದೊಂದೂ ಕೈಯಿಂದ ಮಾಡಿದ್ದು. ಸಂಡೂರು ರಸ್ತೆಯ ನಮ್ಮ ಮನಿ ತುಂಬ ಅದಿರಿನ ಧೂಳು. ಅದಕ್ಕ ಇಲ್ಲಿ ತಂದೀನಿ."

ಅವನು ಕಮಲಾಕರ, ಹೊಸಪೇಟೆ ಶಾಲೆಯ ಸಂಗೀತ ಮಾಸ್ತರ. ಹಂಪಿಗೆ ಬಂದ ವಿದೇಶಿಯರಿಂದ ಒಂದೊಂದಾಗಿ ಕೂಡಿಸಿದ ನಾಲ್ಕು ಗಿಟಾರುಗಳೇ ಅವನ ಆಸ್ತಿ. ಅದೆಂಥ ಹುಚ್ಚೋ, ದೇವರಿಗೇ ಗೊತ್ತು!

ಬಿಸಿಲಿಗೆ ಕಟ್ಟಿಗೆ ಬಿರುಕು ಬಿಡದಂತೆ ಪ್ರತಿ ಗಿಟಾರಿನ ಪೆಟ್ಟಿಗೆಯಲ್ಲೂ ತೂತಿನ ಸೋಪ್ ಡಬ್ಬಿಯೊಳಗೆ ಒದ್ದೆ ಸ್ಪಂಜು ಇಡಬೇಕು. ಅವನಿಲ್ಲದಾಗ ಆ ಕೆಲಸ ಸ್ಫೂರ್ತಿಯ ಪಾಲಿಗೆ ಬಂತು, ಕೋಣೆಯ ಕೀಲಿಯೂ ಬಂತು. ಆರು ತಿಂಗಳಲ್ಲಿ ಅವಳ ಮನಸ್ಸು ಅಲ್ಲೇ ಸಿಕ್ಕಿಬಿತ್ತು. ಬಾಯಿಬಿಟ್ಟು ಹೇಳಿದರಾ? ಇಬ್ಬರೂ ಇಲ್ಲ!

ಆಯುಧಪೂಜೆಯ ದಿನ ಕಮಲಾಕರ ಕಾರ್ಯಕ್ರಮಕ್ಕೆಂದು ಸಂಡೂರಿಗೆ ಹೋಗಿದ್ದ. ಬೀದಿಯ ತುಂಬ ಹೂಹಾರ ಹಾಕಿಕೊಂಡ ಲಾರಿಗಳು.

'ಲಾರಿಗೂ ಪೂಜಿ ಮಾಡ್ತಾರ... ಇವರ ಗಿಟಾರಿಗೆ ಯಾರು ಮಾಡ್ತಾರ?'

ಸ್ಫೂರ್ತಿ ನೀರಲ್ಲಿ ವಿಭೂತಿ ಕಲಸಿದಳು. ಅವನ ಜೀವದಂಥ ಜೇನುಬಣ್ಣದ ಗಿಟಾರಿಗೆ ಮೂರು ಬೆರಳಲ್ಲಿ ಗೆರೆ ಎಳೆದು ಕೈಮುಗಿದಳು.

ಮರುದಿನ ಒರೆಸಿದರೆ... ಗುರುತು ಹೋಗಲೊಲ್ಲದು! ಅರಗಿನ ಪಾಲಿಶ್‌ಗೆ ನೀರು ತಾಗಿದರೆ ಬೆಳ್ಳಗಾಗುತ್ತದೆಂದು ಅವಳಿಗೇನು ಗೊತ್ತು?

ಸಂಜೆ ಕಮಲಾಕರ ಬಂದು ಪೆಟ್ಟಿಗೆ ತೆರೆದ.

"ಯಾರು ಹಚ್ಚಿದ್ದು?"

"ನಾನ್ರಿ... ಪೂಜಿಗಂತ..."

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಹೋಗೇಬಿಟ್ಟ.

ಒಂದು ದಿನ, ಎರಡು, ಮೂರು. ಫೋನಿಲ್ಲ, ಸುದ್ದಿಯಿಲ್ಲ. ಬೈಕಿನ ಸದ್ದಾದರೆ ಸಾಕು, ಸ್ಫೂರ್ತಿ ಬಾಗಿಲಿಗೆ ಓಡುವಳು!

"ಯಾಕವ್ವ, ಮಾರಿ ಹಿಂಗ್ಯಾಕ ಬಾಡೇತಿ?" ತಾಯಿ ಹಂಪಮ್ಮ ಕೇಳಿದರೆ ಸ್ಫೂರ್ತಿ ಕೊಡ ಎತ್ತಿಕೊಂಡು ನೀರಿಗೆ ನಡೆದಳು.

ಆ ರಾತ್ರಿ ಊಟಕ್ಕೆ ಕೂತ ಅಪ್ಪ ಚನ್ನಯ್ಯ ಹೇಳಿದರು: "ಮಾಸ್ತರ ಫೋನ್ ಮಾಡಿದ್ದ. ನಾಳೆ ಬಂದು ಮಾತಾಡ್ತಾನಂತ. ಕೋಣಿ ಖಾಲಿ ಮಾಡ್ತಾನ, ಇನ್ನೇನು."

ಮುಗಿಯಿತು! ನನ್ನ ಕೈಯಾರೆ ಕಳಕೊಂಡೆ...

ಬೆಳಿಗ್ಗೆ ಅವನು ಬಂದಾಗ ಅವಳು ಕೋಣೆಯಲ್ಲೇ ಇದ್ದಳು.

"ತಗೋರಿ ಕೀಲಿ. ಉಳಿದ ಮೂರಕ್ಕೂ ಸ್ಪಂಜು ಒದ್ದಿ ಮಾಡೀನಿ. ನಾನು ಹಾಳು ಮಾಡಿದ್ದಕ್ಕ..."

"ಖಾಲಿ ಮಾಡ್ತೀನಿ ಅಂತ ಯಾರಂದ್ರು?"

ಅವನು ಪೆಟ್ಟಿಗೆ ತೆರೆದ. ಮೂರು ಗೆರೆ ಹಾಗೆಯೇ ಇದ್ದವು!

"ಹೋಗಲಿಲ್ಲೇನ್ರಿ?"

"ಮತ್ತ ಪಾಲಿಶ್ ಹಚ್ಚಿದ್ರ ಹೋಗ್ತದ. ನಾ ಹಚ್ಚಲಿಲ್ಲ. ನಮ್ಮಮ್ಮನ ಮುಂದ ಹಂಗ ಇಟ್ಟೆ. ಗೋಪಿಚಂದನ ಹಚ್ಚೋ ವೈಷ್ಣವರ ಮನ್ಯಾಗ ಈ ವಿಭೂತಿ ಯಾರದೋ ಅಂದ್ರು. ಹೇಳಿದೆ... ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ ಅಂತಾನೂ ಹೇಳಿದೆ."

ಸ್ಫೂರ್ತಿ ಚಾಚಿದ್ದ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಅಮ್ಮ ಮಾತು ಬಿಟ್ರು. ಅನ್ನಾನೂ ಬಿಟ್ರು. ನಿಮಗ ಫೋನ್ ಮಾಡಿ ಏನಂತ ಹೇಳ್ಲಿ? ನನಗೂ ಭಾಳ ಅಂಜಿಕಿ ಆಗಿತ್ರಿ..."

"ಈಗ?"

"ನಿನ್ನೆ ಸಂಜಿಗೆ ಬಾಯಿಬಿಟ್ರು. 'ಹಚ್ಚಿದಾಕಿನ್ನ ಕರ್ಕೊಂಡ್ಬಾ, ನೋಡೋಣು' ಅಂದ್ರು. ಅದಕ್ಕ ನಿಮ್ಮಪ್ಪನ ಹತ್ರ ಕೇಳಾಕ ಬಂದೀನಿ."

ಮೂರು ದಿನದಿಂದ ತಡೆದಿದ್ದ ಅಳು ಉಕ್ಕಿ ಬಂತು! ಕೆನ್ನೆ ಒರೆಸಿಕೊಂಡು ಆ ಗೆರೆಗಳತ್ತ ಕೈ ಚಾಚಿದವಳು ಥಟ್ಟನೆ ಹಿಂದೆಳೆದಳು.

"ಮುಟ್ಟಬ್ಯಾಡ ಅಂದಿದ್ರಿ..."

"ಮುಟ್ರಿ. ಆದ್ರ ಮೊದಲು ಕೈ ಒರಸ್ಕೋರಿ, ಒದ್ದಿ ಅದಾವ."

ಸ್ಫೂರ್ತಿ ಅಳುತ್ತಲೇ ನಕ್ಕು, ಎರಡೂ ಕೈ ಮುಂದೆ ಮಾಡಿದಳು.

"ನೀವ ಒರಸ್ರಿ."