ಕಾಣೆಯಾದ ಏಳು ತೂತುಗಳು

ಏಳು ತೂತುಗಳು ಕಾಣೆಯಾಗಿವೆ ಎಂಬ ಗಂಭೀರ ವಿಷಯ ಬೆಳಕಿಗೆ ಬಂದಾಗ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಹಿಂದಿನ ದಿನದವರೆಗೆ ಅವು ಒಂದು ಎಲೆಯ ಮೇಲೆ ಕ್ಷೇಮವಾಗಿದ್ದವು. ಈಗ ಒಂದೂ ಇರಲಿಲ್ಲ. ಬೀಗ ಒಡೆದಿರಲಿಲ್ಲ, ಹೊರಗಿನವರು ಬಂದುಹೋದ ಗುರುತೂ ಇರಲಿಲ್ಲ.

ಕಳ್ಳ ಎದುರಿಗೇ ನಿಂತು ನಗುತ್ತಿದ್ದ. ಅವನು ಪಿಟೀಲು ಎಂಬ ಹುಡುಗಿಯ ಅಪ್ಪ.

"ಹೇಗಿದೆ?" ಎಂದು ಕೇಳಿದ, ಫೋಟೋ ಪ್ರಿಂಟನ್ನು ಕೌಂಟರಿನ ಮೇಲೆ ಅವಳತ್ತ ತಿರುಗಿಸಿ.

ಪಿಟೀಲು ಮಾತಾಡಲಿಲ್ಲ. ಇದು ಅಪರೂಪ. ಒಮ್ಮೆ ಬಾಯಿ ತೆರೆದರೆ ಕುಯ್ಯುತ್ತಲೇ ಇರುತ್ತಾಳೆಂದು ಅವಳಿಗೆ ಆ ಅಡ್ಡಹೆಸರು ಬಿದ್ದಿತ್ತು.

ಅಪ್ಪನದು ಫೋಟೋ ಸ್ಟುಡಿಯೋ. ಒಂದು ಸ್ಟೂಲು, ಅದರ ಹಿಂದೆ ನೀಲಿ ಪರದೆ, ಎರಡು ಛತ್ರಿ ಲೈಟು. ಮೂಲೆಯಲ್ಲಿ ಕಂಪ್ಯೂಟರು, ಪ್ರಿಂಟರು. ಫೋಟೋ ತೆಗೆಯುವುದು ಎರಡು ನಿಮಿಷದ ಕೆಲಸ. ಆಮೇಲೆ ಅದನ್ನು ತಿದ್ದುವುದರಲ್ಲಿ ಅಪ್ಪನದು ಎತ್ತಿದ ಕೈ. ಮೊಡವೆ, ಗಾಯದ ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ ಮಂಗಮಾಯ. ಊರಿನ ಅರ್ಧ ಜನ ತಮ್ಮ ಗುರುತಿನ ಚೀಟಿಯಲ್ಲಿ ತಮಗಿಂತ ಚೆನ್ನಾಗಿದ್ದರು.

ಅವತ್ತು ಶಾಲೆಯಲ್ಲಿ ಮಕ್ಕಳ ಫೋಟೋ ಪ್ರದರ್ಶನ. ವಿಷಯ: ಪ್ರಕೃತಿ. ಒಬ್ಬರಿಗೆ ಒಂದೇ ಫೋಟೋ, ಒಂಬತ್ತು ಗಂಟೆಯೊಳಗೆ ಮೇಡಂ ಕೈಗೆ ಕೊಡಬೇಕು. ಪಿಟೀಲು ಸ್ಟುಡಿಯೋ ಹಿಂದಿನ ಸುಣ್ಣದ ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡದ ಒಂದು ಎಲೆಯನ್ನು ಆರಿಸಿಕೊಂಡಿದ್ದಳು. ಅಪ್ಪನ ಹಳೇ ಕ್ಯಾಮೆರಾ ಹಿಡಿದು ದಿನಾ ಬೆಳಗ್ಗೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದಳು. ಮೊದಲ ದಿನ ಎಲೆಯ ಮೇಲೆ ಒಂದು ಹಸಿರು ಹುಳವಿತ್ತು, ಎರಡು ತೂತಿದ್ದವು. ನಾಲ್ಕನೆಯ ದಿನ ಹುಳ ಹೊಟ್ಟೆ ತುಂಬಿಸಿಕೊಂಡು ಎಲ್ಲೋ ಹೋಗಿತ್ತು, ಏಳು ತೂತಿದ್ದವು. ಎಲೆ ಇನ್ನೇನು ಉದುರುತ್ತದೆ ಎಂದು ಅವಳು ಕಾದಳು. ಉದುರಲಿಲ್ಲ. ಹತ್ತನೆಯ ಬೆಳಗ್ಗೆ ಬಿಸಿಲು ತೂತುಗಳೊಳಗಿಂದ ತೂರಿ ಬಂತು. ಆಗ ಕ್ಲಿಕ್ ಮಾಡಿದ್ದಳು.

ಆ ಎಲೆ ಈಗ ಪ್ರಿಂಟಿನಲ್ಲಿ ಮೇಕಪ್ ಮಾಡಿಸಿಕೊಂಡ ಮದುಮಗಳ ಹಾಗೆ ಹೊಳೆಯುತ್ತಿತ್ತು.

ಅಪ್ಪ ಹಿಂದಿನ ಸಂಜೆ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಇದಕ್ಕೇ ಕೂತಿದ್ದನಂತೆ. ಒಂದೊಂದು ತೂತಿಗೂ ಪಕ್ಕದ ಹಸಿರನ್ನೇ ತಂದು ತುಂಬಿದ್ದನಂತೆ. ಎಲೆಯ ನರಗಳನ್ನು ಸೇರಿಸುವಷ್ಟರಲ್ಲಿ ಕಣ್ಣುರಿ ಬಂತಂತೆ. ಸ್ವಂತ ಮಗಳ ಫೋಟೋ ಅಲ್ಲವೇ?

ಚೆನ್ನಾಗಿದೆ ಎಂದರೆ ಸುಳ್ಳು. ಚೆನ್ನಾಗಿಲ್ಲ ಎಂದರೆ ಅಪ್ಪನ ಮುಖ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಆಂಟಿ ಎಂದಿನಂತೆ ಪೇಪರ್ ಓದಲು ಬಂದರು. ಓದುವ ಮೊದಲು ಪ್ರಿಂಟ್ ನೋಡಿ, ಪ್ಲಾಸ್ಟಿಕ್ ಗಿಡ ಬಲು ಚೆನ್ನಾಗಿದೆ, ನನ್ನಂಗಡಿಗೂ ಒಂದು ಬೇಕಿತ್ತು, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು.

ಅಪ್ಪನ ನಗು ಅರ್ಧಕ್ಕೆ ನಿಂತಿತು.

ಪಿಟೀಲು ಪ್ರಿಂಟಿನ ಕೆಳಭಾಗಕ್ಕೆ ಮೆಲ್ಲನೆ ಬೆರಳಿಟ್ಟಳು. ಅಲ್ಲಿ ಗೋಡೆಯ ಮೇಲೆ ಎಲೆಯ ನೆರಳು ಬಿದ್ದಿತ್ತು. ನೆರಳಿನ ನಡುವೆ ಏಳು ಬೆಳಕಿನ ಚುಕ್ಕೆಗಳು.

"ಅಪ್ಪ, ನೆರಳಲ್ಲಿ ತೂತು ಹಾಗೇ ಇದೆ."

ಇಪ್ಪತ್ತು ವರ್ಷದ ಅನುಭವಸ್ಥ ಹಣೆ ಚಚ್ಚಿಕೊಂಡ. ಐದೇ ನಿಮಿಷ, ನೆರಳನ್ನೂ ಸರಿ ಮಾಡಿಬಿಡುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂತು ಹೋಲಿಸಿ ನೋಡಲು ಅವಳು ತೆಗೆದ ಮೂಲ ಫೋಟೋವನ್ನೂ ತೆರೆದ. ಗಡಿಯಾರ ಎಂಟೂವರೆ ತೋರಿಸುತ್ತಿತ್ತು.

"ಬೇಡ ಅಪ್ಪ," ಎಂದಳು ಪಿಟೀಲು. ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ನೆರಳು ಸರಿಯಾಗೇ ಇದೆ. ಎಲೆಯೂ ಸರಿಯಾಗೇ ಇತ್ತು. ಸ್ವಲ್ಪ ದೊಡ್ಡದು ಮಾಡು, ತೂತಿನ ಅಂಚು ನೋಡು."

ಅಪ್ಪ ದೊಡ್ಡದು ಮಾಡಿದ. ಒಂದೊಂದು ತೂತಿನ ಸುತ್ತಲೂ ಕೂದಲೆಳೆಯಷ್ಟು ತೆಳ್ಳಗೆ ಕಂದು ಗೆರೆ ಇತ್ತು. ಟೈಲರ್ ಆಂಟಿ ಕನ್ನಡಕ ಏರಿಸಿ ಬಗ್ಗಿದರು.

"ಗುಂಡಿಗೆ ಕಾಜಾ ಹೊಲಿದ ಹಾಗಿದೆಯಲ್ಲೇ. ನಮ್ಮ ಹುಡುಗಿಯರಿಗೆ ಇಷ್ಟು ನೀಟಾಗಿ ಬರಲ್ಲ."

"ಎಲೆ ತಾನೇ ಹೊಲ್ಕೊಂಡಿದ್ದು ಆಂಟಿ. ಮೊದಲ ದಿನ ಈ ಗೆರೆ ಇರಲಿಲ್ಲ. ಯಾರೂ ಏನೂ ಮಾಡಿಲ್ಲ. ಹುಳಕ್ಕೂ ಊಟ ಕೊಟ್ಟು, ತಾನೂ ಬದುಕಿಕೊಂಡಿದೆ." ಸ್ವಲ್ಪ ತಡೆದು ಸೇರಿಸಿದಳು: "ನೀನು ತುಂಬಿದ್ದು ಚೆನ್ನಾಗೇ ಇದೆ ಅಪ್ಪ. ಆದರೆ ಅದು ನಾನು ನೋಡಿದ ಎಲೆ ಅಲ್ಲ."

ಅಪ್ಪ ಕಂಪ್ಯೂಟರಿನ ಪರದೆಯ ಮೇಲಿನ ಎಲೆಯನ್ನೇ ನೋಡುತ್ತಿದ್ದ. ಕೈ ಮೌಸಿನಿಂದ ಯಾವಾಗ ಕೆಳಗಿಳಿಯಿತೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಎದ್ದು ಪ್ರಿಂಟರಿಗೆ ಹೊಸ ಹಾಳೆ ಹಾಕಿದ. ಮಗಳು ತೆಗೆದದ್ದನ್ನು ತೆಗೆದ ಹಾಗೇ ಪ್ರಿಂಟ್ ಮಾಡಿದ. ಅವಳು ಓಡುತ್ತಾ ಶಾಲೆ ಮುಟ್ಟಿದಾಗ ಒಂಬತ್ತಕ್ಕೆ ಮೂರು ನಿಮಿಷ ಬಾಕಿ ಇತ್ತು.

ಸಂಜೆ ನಾಲ್ಕಕ್ಕೆ ಅಪ್ಪ ಅಂಗಡಿ ಮುಚ್ಚಿ ಇಸ್ತ್ರಿ ಶರ್ಟು ಹಾಕಿಕೊಂಡು ಪ್ರದರ್ಶನಕ್ಕೆ ಬಂದ. ಗೋಡೆ ತುಂಬ ಗುಲಾಬಿಗಳು, ಸೂರ್ಯಾಸ್ತಗಳು, ಯಾರದೋ ಮನೆಯ ಬೆಕ್ಕು. ಯಾರೋ ಒಬ್ಬರು ಎಲೆಯ ಮುಂದೆ ನಿಂತು, ಪಾಪ, ಈ ಮಗುವಿಗೆ ಬೇರೆ ಒಳ್ಳೇ ಎಲೆ ಸಿಗಲಿಲ್ಲವೇನೋ ಎಂದರು.

ಪಿಟೀಲು ಅಪ್ಪನ ಮುಖ ನೋಡಿದಳು.

"ಸ್ವಲ್ಪ ಹತ್ತಿರ ಬಂದು ನೋಡಿ ಸಾರ್," ಎಂದ ಅಪ್ಪ. "ನನ್ನ ಮಗಳು ಹತ್ತು ದಿನ ಕಾದು ತೆಗೆದದ್ದು."

ಆಮೇಲೆ ಅವನು ಬೆರಳನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಒಯ್ಯುತ್ತಾ ಹುಳದ ಕತೆ, ಹೊಲಿಗೆಯ ಕತೆ ಎಲ್ಲ ಹೇಳಿದ. ಸುತ್ತ ಐದಾರು ಜನ ಸೇರಿದರು. ಅವನು ನಿಲ್ಲಿಸುವ ಹಾಗೆ ಕಾಣಲಿಲ್ಲ. ಅಪ್ಪ ಇಷ್ಟು ಹೊತ್ತು ಒಂದೇ ಫೋಟೋ ನೋಡಿದ್ದನ್ನು, ಅದರಲ್ಲಿ ಅಳಿಸಲು ಏನನ್ನೂ ಹುಡುಕದೆ ಇದ್ದದ್ದನ್ನು ಪಿಟೀಲು ಹಿಂದೆಂದೂ ಕಂಡಿರಲಿಲ್ಲ. ಮಧ್ಯೆ ಬಾಯಿ ಹಾಕದೆ, ನೆಟ್ಟಗೆ ಅವನ ಪಕ್ಕದಲ್ಲಿ ನಿಂತಳು.

ಮೊದಲ ಬಹುಮಾನ ಒಂದು ಸೂರ್ಯಾಸ್ತಕ್ಕೆ ಬಂತು.